ಎರಡೇ ಆಸನದ ಕಾರು

ಸಂಸಾರಸ್ಥನು ಕೊಳ್ಳುವ ಪದಾರ್ಥಗಳಲ್ಲಿ ಎರಡು ಬಗೆಯುಂಟು. ಮನೆಯವರನ್ನೆಲ್ಲ ಕೇಳಿ ಕೊಳ್ಳುವುದು ಮೊದಲನೆಯದು. ಕೊಂಡು ತಂದ ಮೇಲೆ ಮನೆಯವರಿಗೆ ಕಾರಣ ಹೇಳಬೇಕಾಗುವುದು ಎರಡನೆಯದು. ಅಕ್ಕಿ, ಬೇಳೆ, ಬಟ್ಟೆ, ಬೀರು, ನಿವೇಶನ ಇವೆಲ್ಲ ಮೊದಲನೆಯ ಗುಂಪಿಗೆ ಸೇರಿದವು. ನುಡಿಸಲು ಬಾರದ ಪಿಟೀಲು, ಗಂಟೆ ಹೊಡೆಯದ ಹಳೆಯ ಗಡಿಯಾರ, ಗಾಳಿಯೊಡನೆ ಪಂದ್ಯ ಕಟ್ಟುವ ಕಾರು ಇವು ಎರಡನೆಯ ಗುಂಪಿನವು. ಮೊದಲನೆಯ ಬಗೆಯ ವಸ್ತುವನ್ನು ಮಾರುವಾಗ ಲಾಭನಷ್ಟಗಳ ಲೆಕ್ಕವೊಂದೇ ಸಾಕು. ಎರಡನೆಯ ಬಗೆಯದನ್ನು ಮಾರುವಾಗ, ಎಷ್ಟು ಕೂಡಿ ಕಳೆದರೂ ಲೆಕ್ಕಕ್ಕೆ ಸಿಕ್ಕದ ಒಂದು ಬಾಬು ಉಳಿದೇ ಉಳಿಯುತ್ತದೆ.

ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಈಗ ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆ ನಗರದಲ್ಲಿ ನೆಲೆಸಿರುವ ಎಂಜಿನಿಯರೊಬ್ಬರಿಗೆ 2024ರ ಬೇಸಿಗೆಯಲ್ಲಿ ಇಂಥದೊಂದು ಸಂದರ್ಭ ಒದಗಿತು. ಮಗಳಿಗೆ ವಿಶ್ವವಿದ್ಯಾನಿಲಯದಲ್ಲಿ ಸ್ಥಳ ದೊರೆತಿತ್ತು. ಶುಲ್ಕದ ಮೊದಲ ಕಂತಿನ ದಿನಾಂಕ ಗೊತ್ತಾಗಿತ್ತು. ಊರಿನಿಂದ ತಾಯಿ ಬಂದು ಕೆಲವು ತಿಂಗಳು ಇರುವವರಿದ್ದರು. ಮನೆಯ ಗ್ಯಾರೇಜಿನಲ್ಲಿ ಎರಡು ಕಾರುಗಳು ನಿಲ್ಲುತ್ತಿದ್ದವು. ಒಂದು, ಐದು ಜನ ಕೂರುವ ಸಂಸಾರದ ಕಾರು. ಇನ್ನೊಂದು, 1992ರಲ್ಲಿ ತಯಾರಾದ ಕೆಂಪು ಬಣ್ಣದ ಮಾಜ್ದಾ ಮಿಯಾಟಾ. ಈ ಎರಡನೆಯದಕ್ಕೆ ಇರುವುದು ಎರಡೇ ಆಸನ. ಮೇಲೆ ಗಟ್ಟಿ ಚಾವಣಿಯಿಲ್ಲ, ಮಡಿಸಿ ಹಿಂದಕ್ಕೆ ಸರಿಸುವ ಬಟ್ಟೆಯ ಹೊದಿಕೆ ಮಾತ್ರ. ಡಿಕ್ಕಿಯಲ್ಲಿ ಒಂದು ಅಕ್ಕಿಮೂಟೆಯನ್ನು ಇಟ್ಟರೆ ತೆಂಗಿನಕಾಯಿಗೆ ಜಾಗ ಉಳಿಯದು.

ಹದಿನಾಲ್ಕು ವರ್ಷಗಳಿಂದ ಆ ಮನೆಯ ಗೃಹಿಣಿ ಈ ಕಾರಿನ ವಿಷಯದಲ್ಲಿ ಕಟುವಾಗಿ ಒಂದು ಮಾತನ್ನೂ ಆಡಿದವರಲ್ಲ. 2010ರಲ್ಲಿ ಅದು ಮೊದಲು ಮನೆಗೆ ಬಂದ ಸಂಜೆ ಮಾತ್ರ, ಕೈಯಲ್ಲಿ ನಾಲ್ಕು ವರ್ಷದ ಮಗುವನ್ನು ಹಿಡಿದುಕೊಂಡು, "ಚೆನ್ನಾಗಿದೆ. ಮೂರನೆಯವರು ಎಲ್ಲಿ ಕೂರಬೇಕೂಂದ್ರೆ?" ಎಂದು ಕೇಳಿದ್ದರು. ಅದಕ್ಕೆ ಆಗಲೂ ಉತ್ತರವಿರಲಿಲ್ಲ, ಆಮೇಲೂ ದೊರೆಯಲಿಲ್ಲ.

ಈ ಕಾರಿನ ಹುಟ್ಟಿನ ಕಥೆಯೂ ಸ್ವಾರಸ್ಯವಾದುದು. ಹಗುರವಾದ, ಮೇಲು ತೆರೆದ, ಇಬ್ಬರು ಕೂರುವ ಓಟದ ಕಾರುಗಳು ಒಂದು ಕಾಲಕ್ಕೆ ಇಂಗ್ಲೆಂಡಿನ ಸೊತ್ತಾಗಿದ್ದವು. ಎಂಜಿ, ಟ್ರಯಂಫ್, ಲೋಟಸ್ ಎಂಬ ಹೆಸರುಗಳನ್ನು ಹಳೆಯ ತಲೆಮಾರಿನವರು ಬಲ್ಲರು. ನೋಡಲು ಅಂದ, ಓಡಿಸಲು ಆನಂದ. ಆದರೆ ನಿಂತಲ್ಲಿ ಎಣ್ಣೆ ಸೋರುವುದು, ಮಳೆಯಲ್ಲಿ ಮುನಿಸಿಕೊಳ್ಳುವುದು ಅವುಗಳ ಜಾತಿಗುಣ. 1980ರಲ್ಲಿ ಎಂಜಿಬಿ ಕಾರಿನ ತಯಾರಿಕೆ ನಿಂತಿತು. ಆ ವಂಶವೇ ಮುಗಿಯಿತೆಂದು ಜನ ತಿಳಿದರು. ಇದಕ್ಕೆ ತುಸು ಮೊದಲು, 1970ರ ದಶಕದ ಕೊನೆಯಲ್ಲಿ, ಬಾಬ್ ಹಾಲ್ ಎಂಬ ಅಮೆರಿಕದ ಮೋಟಾರು ಪತ್ರಕರ್ತರು ಜಪಾನಿನ ಮಾಜ್ದಾ ಕಂಪನಿಯ ಕೆನಿಚಿ ಯಮಾಮೊತೊ ಅವರೊಡನೆ ಮಾತನಾಡುತ್ತ, ಅಂಥ ಕಾರನ್ನು ನೀವೇಕೆ ಮಾಡಬಾರದೆಂದು ಕೇಳಿದ್ದರಂತೆ. ಹಾಲ್ ಮುಂದೆ ಅದೇ ಕಂಪನಿಯನ್ನು ಸೇರಿದರು. ಯಮಾಮೊತೊ ಅದರ ಅಧ್ಯಕ್ಷರಾದರು. 1989ರ ಫೆಬ್ರವರಿಯಲ್ಲಿ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಮಿಯಾಟಾ ಜನರ ಕಣ್ಣಿಗೆ ಬಿತ್ತು. 1962ರ ಲೋಟಸ್ ಎಲಾನ್ ಕಾರಿನ ಚೆಲುವು, ಜಪಾನಿನ ಕೆಲಸದ ಅಚ್ಚುಕಟ್ಟು, ಸಾಧಾರಣ ಗೃಹಸ್ಥನೂ ಧೈರ್ಯ ಮಾಡಬಹುದಾದ 13,800 ಡಾಲರುಗಳ ಬೆಲೆ: ಈ ಮೂರೂ ಒಂದೆಡೆ ಸೇರಿದ್ದವು. 2016ರ ಏಪ್ರಿಲಿನಲ್ಲಿ ಈ ವಂಶದ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಿದ್ದಿತು.

ಇದರ ಬಲವೇನೂ ಭಾರಿಯಲ್ಲ. ಮೊದಲ ತಲೆಮಾರಿನ ಕಾರಿಗೆ 1.6 ಲೀಟರಿನ ಎಂಜಿನು, 116 ಅಶ್ವಶಕ್ತಿ. ಇಂದಿನ ಸಾಧಾರಣ ಸಂಸಾರದ ಕಾರುಗಳೇ ಇದನ್ನು ನೇರ ರಸ್ತೆಯಲ್ಲಿ ಹಿಂದೆ ಹಾಕಬಲ್ಲವು. ಇದರ ಗುಟ್ಟು ಇರುವುದು ಬಲದಲ್ಲಲ್ಲ, ಹಗುರತನದಲ್ಲಿ. ಇಡೀ ಕಾರಿನ ತೂಕ ಒಂದು ಟನ್ನಿಗೂ ಕಡಿಮೆ. ಎಂಜಿನು ಮುಂದೆ, ಓಡಿಸುವ ಶಕ್ತಿ ಹಿಂದಿನ ಚಕ್ರಗಳಿಗೆ. ಭಾರವು ಎರಡು ಕಡೆಗೂ ಹೆಚ್ಚುಕಡಮೆ ಸಮನಾಗಿ ಹಂಚಿಕೊಂಡಿದೆ. ಇದನ್ನು ಕಟ್ಟಿದವರು ತಮ್ಮ ಗುರಿಯನ್ನು 'ಜಿಂಬಾ ಇತ್ತೈ' ಎಂಬ ಜಪಾನೀ ಮಾತಿನಿಂದ ಹೇಳಿಕೊಂಡರು. ಕುದುರೆಯೂ ಸವಾರನೂ ಒಂದೇ ದೇಹವಾಗುವುದು ಎಂದು ಅದರ ತಾತ್ಪರ್ಯ. ನೊಗ ಹೊತ್ತ ಎತ್ತು ಹಗ್ಗದ ಎಳೆತಕ್ಕಿಂತ ಮೊದಲೇ ಒಡೆಯನ ಮನಸ್ಸನ್ನು ತಿಳಿದು ತಿರುಗುವುದನ್ನು ಕಂಡಿರುವ ಹಳ್ಳಿಯವರಿಗೆ ಈ ಮಾತು ವಿದೇಶದ್ದೆನಿಸುವುದಿಲ್ಲ. ಎಂಜಿನಿಯರಿಗೂ ಹಾಗೆಯೇ ಆಯಿತು. ಮೊದಲ ಬಾರಿ ಅದರ ಚಕ್ರವನ್ನು ಕೈಯಲ್ಲಿ ಹಿಡಿದು ಒಂದು ತಿರುವನ್ನು ದಾಟಿದಾಗ ಅವರಿಗೆ ನೆನಪಾದುದು ಯಾವ ಓಟದ ಕಣವೂ ಅಲ್ಲ. ತಂದೆಯ ಗಾಡಿಯ ಮೂಕಿಯ ಮೇಲೆ ಕುಳಿತ ಬಾಲ್ಯ.

ಅವರು ಕಾರನ್ನು ನೋಡಿಕೊಂಡ ಬಗೆಯೂ ಎತ್ತನ್ನು ನೋಡಿಕೊಂಡಂತೆಯೇ ಇತ್ತು. ನೀಲಿ ರಟ್ಟಿನ ಒಂದು ಪುಸ್ತಕ; ಅದರಲ್ಲಿ ದಿನಾಂಕ, ಓಡಿದ ಮೈಲಿ, ಮಾಡಿಸಿದ ಕೆಲಸ, ಕೊಟ್ಟ ಹಣ. ಎಂಜಿನಿನ ಎಣ್ಣೆ ಬದಲಾಯಿಸಿದ್ದು ಪ್ರತಿ ಸಲವೂ ಬರೆದಿದೆ. 60,000 ಮೈಲಿಗೊಮ್ಮೆ ಬದಲಾಯಿಸಬೇಕೆಂದು ತಯಾರಕರು ಹೇಳುವ ಟೈಮಿಂಗ್ ಬೆಲ್ಟನ್ನು ಬದಲಾಯಿಸಿದಾಗ ಅದರ ಹಿಂದೆಯೇ ಇರುವ ನೀರಿನ ಪಂಪನ್ನೂ ಬದಲಾಯಿಸಿದ್ದು ಬರೆದಿದೆ. ಬಿಚ್ಚುವ ಕೂಲಿ ಎರಡಕ್ಕೂ ಒಂದೇ ಆದುದರಿಂದ ಜಾಣರು ಹೀಗೆಯೇ ಮಾಡುತ್ತಾರೆ. ಈ ಜಾತಿಯ ಕಾರಿನಲ್ಲಿ ಬೇಗನೆ ಸೋತುಹೋಗುವ ಕ್ಲಚ್ಚಿನ ಸಣ್ಣ ಸಿಲಿಂಡರು ಎರಡು ಬಾರಿ ಹೊಸದಾಯಿತೆಂದೂ ಬರೆದಿದೆ. ಬಟ್ಟೆಯ ಚಾವಣಿಯನ್ನು ಮಡಿಸುವ ಮೊದಲು ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ಪನ್ನು ಬಿಚ್ಚಬೇಕು, ಇಲ್ಲವಾದರೆ ಅದು ಸೀಳುತ್ತದೆ. ಈ ಎಚ್ಚರಿಕೆಯನ್ನು ಮೊದಲ ಪುಟದಲ್ಲಿಯೇ ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಇಷ್ಟು ಪ್ರೀತಿಯಿರುವಲ್ಲಿ ಅಲಂಕಾರವೂ ಇದ್ದೇ ಇರುತ್ತದೆ. ಸಂಕ್ರಾಂತಿಗೆ ಕೊಂಬಿಗೆ ಬಣ್ಣ ಬಳಿದು ಕೊಳಗ ತೊಡಿಸುವ ಮನಸ್ಸೇ ಇಲ್ಲಿ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. 14 ಅಂಗುಲದ ಚಕ್ರಗಳ ಬದಲು ಹಗುರವಾದ 15 ಅಂಗುಲದವು; ಬಿಗಿಯನ್ನು ಹೆಚ್ಚುಕಡಮೆ ಮಾಡಬಹುದಾದ ಶಾಕ್ ಅಬ್ಸಾರ್ಬರುಗಳು; ತಿರುವಿನಲ್ಲಿ ಮೈ ವಾಲದಂತೆ ತಡೆಯುವ ದಪ್ಪನೆಯ ಸರಳುಗಳು; ಕಾರು ಮಗುಚಿಕೊಂಡರೆ ತಲೆಯನ್ನು ಕಾಯುವ ಉಕ್ಕಿನ ಕಮಾನು; ಎಂಜಿನಿಗೆ ಗಾಳಿ ಒಯ್ಯುವ ಹೊಸ ಕೊಳವೆ. ಇಷ್ಟೇ ಮಾರ್ಪಾಡು. ಆದರೆ ತೆಗೆದ ಒಂದೊಂದು ಮೂಲ ಭಾಗವನ್ನೂ ಎಣ್ಣೆ ಸವರಿ, ಕಾಗದ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಹೆಸರು ಬರೆದಿದ್ದರು.

ಮಾರುವ ಸಮಯದಲ್ಲಿ ಈ ಅಲಂಕಾರದ ನಿಜವಾದ ಬೆಲೆ ತಿಳಿಯುತ್ತದೆ. ಮಾರ್ಪಾಡಿಗೆ ಸುರಿದ ಹಣ ಹಿಂದಕ್ಕೆ ಬರುವುದಿಲ್ಲವೆಂಬುದು ಹಳೆಯ ಕಾರುಗಳ ವ್ಯಾಪಾರದಲ್ಲಿ ಎಲ್ಲರೂ ಬಲ್ಲ ಮಾತು. ಒಬ್ಬನ ಅಭಿರುಚಿ ಇನ್ನೊಬ್ಬನಿಗೆ ಅನುಮಾನ. ತಲೆ ಕಾಯುವ ಕಮಾನನ್ನು ಕಂಡವನು, "ಇವರು ಎಚ್ಚರಿಕೆಯವರು" ಎಂದು ತಿಳಿಯುವುದಿಲ್ಲ. "ಇದನ್ನು ಓಟದ ಕಣದಲ್ಲಿ ಹಿಂಡಿ ಹಿಪ್ಪೆ ಮಾಡಿದ್ದಾರೆ" ಎಂದು ತಿಳಿಯುತ್ತಾನೆ. ಆದುದರಿಂದ ಮಾರ್ಪಾಡಿಗಿಂತ ಹೆಚ್ಚು ಬೆಲೆ ತರುವುದು ಆ ಪೆಟ್ಟಿಗೆಗಳು. ಹಿಂದಿನಂತೆ ಮಾಡಿಕೊಳ್ಳುವ ದಾರಿಯಿದೆ ಎಂಬ ನೆಮ್ಮದಿಗೆ ಗಿರಾಕಿ ಹಣ ಕೊಡುತ್ತಾನೆ.

ಕಾನೂನಿನ ಕಣ್ಣೂ ಈ ಮಾರ್ಪಾಡುಗಳ ಮೇಲಿರುತ್ತದೆ. ಕ್ಯಾಲಿಫೋರ್ನಿಯದಲ್ಲಿ ಇಂಥ ಹಳೆಯ ಕಾರನ್ನು ಮಾರುವವನು ಹೊಗೆಯ ತಪಾಸಣೆ ಮಾಡಿಸಿ, 90 ದಿನಗಳೊಳಗಿನ ಪ್ರಮಾಣಪತ್ರವನ್ನು ಕೊಳ್ಳುವವನಿಗೆ ಒದಗಿಸಬೇಕು. ಆ ಕೆಲಸ ಮಾರುವವನದೇ, ಕೊಳ್ಳುವವನದಲ್ಲ. ಸ್ಯಾನ್ ಹೊಸೆಯಂಥ ನಗರದಲ್ಲಿ 1992ರ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿ, ಹೊಗೆಯ ಕೊಳವೆಗೆ ಸಲಾಕೆ ತೂರಿಸಿ ಅಳೆಯುತ್ತಾರೆ. ಗಾಳಿಯ ಕೊಳವೆಯಂಥ ಭಾಗವನ್ನು ಬದಲಾಯಿಸಿದ್ದರೆ ರಾಜ್ಯದ ವಾಯುಸಂಪನ್ಮೂಲ ಮಂಡಳಿಯ ಅನುಮತಿಯ ಸಂಖ್ಯೆ ಅದಕ್ಕಿರಬೇಕು. ಇಲ್ಲವಾದರೆ ಹೊಗೆ ಎಷ್ಟೇ ಶುದ್ಧವಾಗಿದ್ದರೂ ಕಾರು ನಪಾಸು. ನಮ್ಮ ದೇಶದಲ್ಲಂತೂ ಹಿಡಿತ ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ತಯಾರಕರು ಗೊತ್ತುಪಡಿಸಿದ ಮೂಲ ಲಕ್ಷಣಗಳಿಗೆ ವಿರೋಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಎಂಜಿನಿಯರ ಕೊಳವೆಗೆ ಅನುಮತಿಯ ಚೀಟಿಯಿತ್ತು. ಕಾರು ತಪಾಸಣೆಯಲ್ಲಿ ತೇರ್ಗಡೆಯಾಯಿತು. ಅಂದು ಸಂಜೆ ಅವರ ಮುಖದಲ್ಲಿ, ಮಗಳಿಗೆ ಸ್ಥಳ ದೊರೆತ ದಿನ ಕಂಡ ಸಂತೋಷದ ಒಂದು ಪಾಲನ್ನು ಗೃಹಿಣಿ ಕಂಡುಹಿಡಿದರು.

ಹಳೆಯ ಕಾರುಗಳ ವ್ಯಾಪಾರವು ಅರ್ಥಶಾಸ್ತ್ರಕ್ಕೇ ಒಂದು ಪಾಠ ಕಲಿಸಿದೆ. ಕೆಟ್ಟ ಕಾರಿಗೆ ಅಮೆರಿಕದವರು 'ಲೆಮನ್' ಎನ್ನುತ್ತಾರೆ, ಎಂದರೆ ನಿಂಬೆಹಣ್ಣು. ಬೆಂಗಳೂರಿನಲ್ಲಿ ಹೊಸ ಕಾರಿನ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು ಮುಂದಕ್ಕೆ ಬಿಡುವ ನಮಗೆ ಈ ಮಾತು ಅಪಶಕುನದಂತೆ ಕೇಳುವುದು ಸಹಜ. ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿದ್ದ ಜಾರ್ಜ್ ಅಕರ್ಲಾಫ್ 1970ರಲ್ಲಿ ಈ ನಿಂಬೆಹಣ್ಣುಗಳ ಸಂತೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. 2001ರಲ್ಲಿ ಇನ್ನಿಬ್ಬರೊಡನೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಅವರ ವಾದ ಸರಳವಾದುದು. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದಕ್ಕೂ ನಡುವಣ ಬೆಲೆಯನ್ನು ಮಾತ್ರ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯನಿಗೆ ಮಾರಲು ಮನಸ್ಸಾಗದು. ಅವನು ಸಂತೆಯಿಂದ ಹಿಂದೆ ಸರಿಯುತ್ತಾನೆ. ಉಳಿದವುಗಳ ಗುಣ ಇನ್ನೂ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ನಿಂಬೆಹಣ್ಣುಗಳು ಮಾತ್ರ. ಹೀಗೆ, ಸುಳ್ಳು ಹೇಳುವ ಮಾರಾಟಗಾರನಿಂದ ಕೆಡುವುದು ಒಬ್ಬ ಗಿರಾಕಿಯ ಹಣವಷ್ಟೇ ಅಲ್ಲ. ನಿಜ ಹೇಳುವ ಮಾರಾಟಗಾರನ ಮಾತಿಗೂ ಬೆಲೆಯಿಲ್ಲದಂತಾಗುತ್ತದೆ. ಈ ಸಂತೆಯಲ್ಲಿ ನಂಬಿಕೆಯನ್ನು ಹುಟ್ಟಿಸಬಲ್ಲ ಸಾಧನಗಳು ಕೆಲವೇ. ನೀಲಿ ರಟ್ಟಿನ ಪುಸ್ತಕ ಅಂಥದೊಂದು.

ಜಾಹೀರಾತು ಹೊರಬಿದ್ದಿತು. ಬೆಲೆ 9,500 ಡಾಲರು. ಮೊದಲು ಬಂದವನು ಕಾರನ್ನು ನೋಡುವ ಮೊದಲೇ, "ಕೊನೆಯ ಬೆಲೆ ಎಷ್ಟು?" ಎಂದು ಕೇಳಿದ. ಎರಡನೆಯವನು ಒಂದು ಗಂಟೆ ನೋಡಿ, ಹೊಗಳಿ, ಓಡಿಸಿ, ತನ್ನ ಬಳಿ ಇಂಥದೇ ಎರಡು ಕಾರುಗಳಿವೆಯೆಂದು ಹೇಳಿ ಹೊರಟುಹೋದ. ಮೂರನೆಯವನು ಪುಕ್ಕಟೆ ಕೊಟ್ಟರೂ ಹಲ್ಲು ಎಣಿಸುವ ಜಾತಿಯವನು. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ ಎಂಬ ಗಾದೆಯನ್ನು ಕಟ್ಟಿದವರು ಇವನ ಪೂರ್ವಿಕರನ್ನು ಕಂಡಿದ್ದಿರಬೇಕು. ನಾಲ್ಕನೆಯವನು ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಶುಶ್ರೂಷೆಯ ಕೆಲಸ ಮಾಡುವ ತರುಣ. ನಾಲ್ಕು ವರ್ಷಗಳಿಂದ ಇದಕ್ಕಾಗಿಯೇ ಹಣ ಕೂಡಿಟ್ಟಿದ್ದನಂತೆ. ಅವನು ಕಾರಿಗಿಂತ ಮೊದಲು ಪುಸ್ತಕವನ್ನು ನೋಡಿದ. ಒಂದೊಂದು ಪುಟವನ್ನೂ ತಿರುವಿ ಓದಿದ.

ಪರೀಕ್ಷೆಗೆಂದು ಇಬ್ಬರೂ ಹ್ಯಾಮಿಲ್ಟನ್ ಬೆಟ್ಟದ ದಾರಿಯಲ್ಲಿ ಹೊರಟರು. ಸ್ಯಾನ್ ಹೊಸೆಯ ಪೂರ್ವಕ್ಕಿರುವ ಈ ಬೆಟ್ಟದ ನೆತ್ತಿಯಲ್ಲಿ 1888ರಿಂದ ಲಿಕ್ ಖಗೋಳ ವೀಕ್ಷಣಾಲಯವಿದೆ. ಅಲ್ಲಿಗೆ ಸಾಮಗ್ರಿ ಸಾಗಿಸುವುದಕ್ಕಾಗಿ 1876ರಲ್ಲಿ ರಸ್ತೆ ಮಾಡಿದರು. ಮೋಟಾರು ಇಲ್ಲದ ಕಾಲ. ಭಾರವನ್ನು ಎಳೆಯಬೇಕಾದವು ಕುದುರೆಗಳು, ಹೇಸರಗತ್ತೆಗಳು. ಅವುಗಳ ಎದೆಯೊಡೆಯದಂತೆ ಏರನ್ನು ಹಿತಮಿತವಾಗಿಟ್ಟರು. ಏರು ಕಡಿಮೆಯಾದಷ್ಟೂ ತಿರುವು ಹೆಚ್ಚಾಯಿತು. ಮೂಕಪ್ರಾಣಿಗಳ ಮೇಲಿನ ಆ ಕನಿಕರವೇ ಸುಮಾರು ಒಂದೂವರೆ ಶತಮಾನದ ಮೇಲೆ ಓಟದ ಕಾರಿನವರಿಗೆ ಹಬ್ಬವಾಗಿದೆ. ತರುಣನು ಚೆನ್ನಾಗಿ ಓಡಿಸಿದ. ಗೇರನ್ನು ಬಲಾತ್ಕರಿಸಲಿಲ್ಲ, ತಿರುವಿಗೆ ಮೊದಲೇ ವೇಗ ತಗ್ಗಿಸಿದ, ತಿರುವಿನ ನಡುವೆ ಮಾತನಾಡಲಿಲ್ಲ. ಪಕ್ಕದಲ್ಲಿ ಕುಳಿತ ಎಂಜಿನಿಯರಿಗೆ ತಮ್ಮ ಕಾರಿನಲ್ಲಿ ತಾವೇ ಅತಿಥಿಯಾದುದು ಅದೇ ಮೊದಲು. ಕೆಳಗಿಳಿದು ಬಂದ ಮೇಲೆ ತರುಣನು, ಚೌಕಾಸಿಯ ಮಾತೇ ಇಲ್ಲದೆ, ಕೇಳಿದ ಬೆಲೆಯನ್ನು ಪೂರ್ತಿ ಕೊಡುವೆನೆಂದ. ಮೆಕ್ಯಾನಿಕ್ಕಿಗೆ ತೋರಿಸುವುದಿಲ್ಲವೇ ಎಂದು ಕೇಳಿದರೆ, "ಈ ಪುಸ್ತಕ ಇರುವಾಗ ಅದೇಕೆ?" ಎಂದ.

ಇಲ್ಲಿಯೇ ಕಷ್ಟವಿದ್ದುದು. ಪುಸ್ತಕದಲ್ಲಿ ಒಂದು ಸಂಗತಿಯಿರಲಿಲ್ಲ. ಈ ಕಾರುಗಳಲ್ಲಿ ಬಟ್ಟೆಯ ಚಾವಣಿಯ ಮೇಲೆ ಬಿದ್ದ ಮಳೆನೀರು ಆಸನಗಳ ಹಿಂದಿರುವ ಎರಡು ರಂಧ್ರಗಳ ಮೂಲಕ ಕೆಳಗೆ ಹರಿದುಹೋಗಬೇಕು. ಎಲೆ, ಮಣ್ಣು ಸೇರಿ ರಂಧ್ರ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಉಕ್ಕಿನ ತೊಲೆಯೊಳಗೆ ನಿಂತು ತುಕ್ಕು ಹಿಡಿಸುತ್ತದೆ. ಮೇಲೆ ಚಾವಣಿಯಿಲ್ಲದ ಕಾರಿಗೆ ಬಿಗಿತನ ಬರುವುದೇ ಈ ತೊಲೆಗಳಿಂದ. ಮನೆಗೆ ತಳಪಾಯವಿದ್ದಂತೆ ಇದು. ಹಿಂದಿನ ಯಾರದೋ ಕಾಲದಲ್ಲಿ ಹತ್ತಿದ ತುಕ್ಕು ಎಡಗಡೆಯ ತೊಲೆಯಲ್ಲಿ 2014ರಲ್ಲಿ ಕಣ್ಣಿಗೆ ಬಿದ್ದಿತು. ಕೆಟ್ಟ ಭಾಗವನ್ನು ಕತ್ತರಿಸಿ, ಹೊಸ ಉಕ್ಕನ್ನು ಬೆಸೆದು, ಬಣ್ಣ ಹೊಡೆಸಿದ್ದಾಯಿತು. ಕೆಲಸ ಗಟ್ಟಿಯಾಗಿತ್ತು. ಆ ಬಿಲ್ಲು ಮತ್ತು ಚಿತ್ರಗಳು ಬೇರೊಂದು ಲಕೋಟೆಯಲ್ಲಿದ್ದವು. ಕಾರಿನ ಪೂರ್ವೋತ್ತರವನ್ನು ಹೇಳುವ ವರದಿಗಳು ಹಣ ಕೊಟ್ಟರೆ ದೊರೆಯುತ್ತವೆ. ಆದರೆ ಯಾರಾದರೂ ದಾಖಲೆ ಮಾಡಿಸಿದ್ದನ್ನು ಮಾತ್ರ ಅವು ಹೇಳಬಲ್ಲವು. ಇದನ್ನು ಯಾರೂ ದಾಖಲೆ ಮಾಡಿಸಿರಲಿಲ್ಲ. ಬಣ್ಣದ ಮೇಲೆ ಬರಿಗಣ್ಣಿಗೆ ಏನೂ ಕಾಣದು. ಇಬ್ಬರು ಖಾಸಗಿ ವ್ಯಕ್ತಿಗಳ ನಡುವಣ ಮಾರಾಟ 'ಇದ್ದದ್ದು ಇದ್ದ ಹಾಗೆ' ನಡೆಯುವುದು ಅಲ್ಲಿನ ರೂಢಿ. ತಿಳಿದೂ ಮುಚ್ಚಿಟ್ಟ ದೋಷಕ್ಕೆ ಆ ಮಾತು ರಕ್ಷೆಯಲ್ಲವೆಂಬುದು ನಿಜ. ಆದರೆ ತಿಳಿದಿತ್ತೆಂದು ತೋರಿಸುವವರು ಯಾರು?

ಗಿರಾಕಿ ಅನುಮಾನದಿಂದ ಬಂದರೆ ಮಾರುವವನು ಮಾತಿನಲ್ಲಿ ತಪ್ಪಿಸಿಕೊಳ್ಳಬಹುದು; ಅದು ಇಬ್ಬರ ನಡುವಣ ಆಟ. ನಂಬಿಕೆಯಿಂದ ಬಂದವನೊಡನೆ ಆಟವಾಡಲು ಬರುವುದಿಲ್ಲ. ಆ ಪುಸ್ತಕವನ್ನು ಸತ್ಯವೆಂದು ತಿಳಿದೇ ತರುಣನು ಮೆಕ್ಯಾನಿಕ್ಕನ್ನು ಬೇಡವೆಂದದ್ದು. ಬರೆದ ನೂರು ಸತ್ಯಗಳೇ ಬರೆಯದ ಒಂದು ಸಂಗತಿಗೆ ಮರೆಯಾಗಿ ನಿಂತಿದ್ದವು.

ಎಂಜಿನಿಯರ ನೆನಪಿನಲ್ಲಿ ಇನ್ನೊಂದು ಮಾರಾಟವಿತ್ತು. ಅವರಿಗೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ದೊರೆತ ವರ್ಷ, ಶುಲ್ಕಕ್ಕೆ ಮಾಡಿದ ಸಾಲವನ್ನು ತೀರಿಸಲು, ಅವರ ತಂದೆ ಒಂದು ಜೊತೆ ಹಳ್ಳಿಕಾರ್ ಎತ್ತುಗಳನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೊಡೆದುಕೊಂಡು ಹೋದರು. ಹದಿನೇಳು ವರ್ಷದ ಮಗನೂ ಜೊತೆಯಲ್ಲಿದ್ದ. ಗಿರಾಕಿ ಹಲ್ಲು ನೋಡಿದ, ಸುಳಿ ನೋಡಿದ, ನಡಿಗೆ ನೋಡಿದ. ದಲ್ಲಾಳಿ ಟವೆಲು ಹಾಸಿ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟಿದ. ಬೆಲೆ ಕುದುರಿತೆನ್ನುವಾಗ ತಂದೆ, "ಎಡಗಡೇದು ಲಾರಿ ಶಬ್ದಕ್ಕೆ ಬೆದರ್ತದೆ. ಟಾರು ರಸ್ತೇಲಿ ಹುಷಾರು" ಎಂದರು. ದಲ್ಲಾಳಿಯ ಹುಬ್ಬು ಗಂಟಿಕ್ಕಿತು. ಟವೆಲ್ಲಿನ ಅಡಿಯಲ್ಲಿ ಮತ್ತೆ ಬೆರಳುಗಳು ಆಡಿದವು. ಎಷ್ಟು ಬೆರಳು ಮಡಿಸಿಕೊಂಡವೆಂಬುದು ಮಗನಿಗೆ ಕಾಣಲಿಲ್ಲ. ತಂದೆಯ ಮುಖ ಮಾತ್ರ ಕಂಡಿತು. ಹಿಂದಿರುಗುವ ದಾರಿಯಲ್ಲಿ ತಂದೆಯೂ ಆ ವಿಷಯ ಎತ್ತಲಿಲ್ಲ. ಮರುವರ್ಷ ಬಾಡಿಗೆಯ ಎತ್ತುಗಳಿಂದ ಆ ಹೊಲದ ಉಳುಮೆ ನಡೆಯಿತು.

ಎರಡು ಮಾರಾಟಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ತಪ್ಪು ಎಂಬುದನ್ನು ಎಂಜಿನಿಯರೇ ಚೆನ್ನಾಗಿ ಬಲ್ಲರು. ಎತ್ತುಗಳು ಆ ಮನೆಯ ಅನ್ನ. ಕಾರು ಈ ಮನೆಯ ಆಟ. ಅನ್ನವನ್ನು ಮಾರಿದುದಕ್ಕೆ ತ್ಯಾಗವೆನ್ನಬಹುದು. ಆಟಿಕೆಯನ್ನು ಮಾರಿದುದಕ್ಕೆ ಆ ಹೆಸರು ಸಲ್ಲದು. ಕಾರಿನಿಂದ ಬರುವ ಹಣ ಮಗಳ ಒಂದು ವರ್ಷದ ಶುಲ್ಕಕ್ಕೂ ಸಾಲುವಂತಿರಲಿಲ್ಲ. ಆದರೂ ಎರಡರಲ್ಲಿ ಸಮಾನವಾದುದು ಒಂದಿತ್ತು: ಕೊಳ್ಳುವವನಿಗೆ ಕಾಣದ ದೋಷವೊಂದು ಮಾರುವವನಿಗೆ ತಿಳಿದಿರುವುದು. ಅನ್ನ ಹೋಗುವಾಗಲೇ ಹೇಳಿದವರ ಮಗ, ಆಟಿಕೆ ಹೋಗುವಾಗ ಮುಚ್ಚಿಟ್ಟರೆ ಅದಕ್ಕೆ ಯಾವ ಸಮಾಧಾನವಿದ್ದೀತು?

ಲಕೋಟೆಯನ್ನು ತಂದು ತರುಣನ ಮುಂದಿಟ್ಟರು. ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಕೆಲಸ ಗಟ್ಟಿಯಾಗಿದೆಯೆಂದೂ, ಆದರೆ ಮೆಕ್ಯಾನಿಕ್ಕಿಗೆ ತೋರಿಸಿಯೇ ತೀರ್ಮಾನಿಸುವುದು ಒಳ್ಳೆಯದೆಂದೂ ಹೇಳಿದರು. ತರುಣನು ಚಿತ್ರಗಳನ್ನು ಬಹಳ ಹೊತ್ತು ನೋಡಿದ, ವಂದನೆ ಹೇಳಿದ, ಯೋಚಿಸಿ ತಿಳಿಸುವೆನೆಂದು ಹೊರಟುಹೋದ. ಎರಡು ದಿನಗಳ ಮೇಲೆ, ಬೇರೆ ಕಾರನ್ನು ಕೊಂಡೆನೆಂದು ಸೌಜನ್ಯದಿಂದ ಬರೆದು ತಿಳಿಸಿದ. ಆ ಬೇರೆ ಕಾರಿನ ತೊಲೆಯೊಳಗೆ ಏನಿತ್ತೋ, ಅದರ ಒಡೆಯನಿಗೇ ಗೊತ್ತು.

"ಹೇಳಲೇಬೇಕಾಗಿತ್ತೇನ್ರೀ?" ಎಂದು ಗೃಹಿಣಿ ಕೇಳಿದರು. ಅದರಲ್ಲಿ ಆಕ್ಷೇಪವಿರಲಿಲ್ಲ; ಶುಲ್ಕದ ದಿನಾಂಕವಿತ್ತು. ಎಂಜಿನಿಯರು ಜಾತ್ರೆಯ ಕಥೆಯನ್ನು ಹೇಳಿದರು. ಇಪ್ಪತ್ತು ವರ್ಷಕ್ಕೂ ಮೀರಿದ ದಾಂಪತ್ಯದಲ್ಲಿ ಆಕೆ ಅದನ್ನು ಕೇಳಿದ್ದು ಅದೇ ಮೊದಲು. ಕೇಳಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಹಾಗಾದ್ರೆ ಜಾಹೀರಾತಿನಲ್ಲೇ ಬರೆದುಬಿಡಿ. ಬಂದವರಿಗೆಲ್ಲ ಹೊಸದಾಗಿ ಹೇಳೋ ಸಂಕಟ ಇರೋದಿಲ್ಲ" ಎಂದರು.

ಬರೆದ ಮೇಲೆ ಮೂರು ವಾರ ಯಾರೂ ಬರಲಿಲ್ಲ. ಕೊನೆಗೆ ಬಂದವರು ನರೆಗೂದಲಿನ ಒಬ್ಬ ಹಿರಿಯರು. ಕಾರುಗಳನ್ನು ಬಿಚ್ಚಿ ಕಟ್ಟುವುದೇ ಅವರ ನಿವೃತ್ತಿಯ ಹವ್ಯಾಸ. ಪುಸ್ತಕವನ್ನು ನೋಡಲಿಲ್ಲ. ಚಾಪೆ ಹಾಸಿ, ಬೆನ್ನಿನ ಮೇಲೆ ಮಲಗಿ, ಕೈದೀಪ ಹಿಡಿದು ಕಾರಿನ ಕೆಳಗೆ ಸರಿದರು. ತೊಲೆಯ ಉದ್ದಕ್ಕೂ ಅಯಸ್ಕಾಂತವನ್ನು ಸರಿಸಿ, ಬಣ್ಣದ ಕೆಳಗಿರುವುದು ಉಕ್ಕೋ ಮೆತ್ತಿದ ಲೇಪವೋ ಎಂದು ಪರೀಕ್ಷಿಸಿದರು. ಎದ್ದು ಬಂದು, ಬೆಸುಗೆ ಒಳ್ಳೆಯದಾಗಿದೆ ಎಂದರು. ಆದರೆ ಬೆಸುಗೆ ಬೆಸುಗೆಯೇ ಎಂದರು. 8,200 ಡಾಲರು ಎಂದರು. ಎಂಜಿನಿಯರು ಒಪ್ಪಿದರು. ಅಕರ್ಲಾಫರ ಲೆಕ್ಕದಲ್ಲಿ ಇದಕ್ಕೆ ಏನು ಹೆಸರೋ. ಮನೆಯ ಲೆಕ್ಕದಲ್ಲಿ ಒಂದು ಮಾತಿನ ಬೆಲೆ 1,300 ಡಾಲರು. ಸತ್ಯಕ್ಕೆ ಕೊನೆಯಲ್ಲಿ ಲಾಭವೇ ಆಗುತ್ತದೆಂದು ಮಕ್ಕಳಿಗೆ ಹೇಳುವವರು ಈ ಬಾಬನ್ನೂ ಸೇರಿಸಿ ಹೇಳಿದರೆ ಮಕ್ಕಳಿಗೆ ಹೆಚ್ಚು ಪ್ರಯೋಜನವಾದೀತು.

ಮುಂದಿನದು ಕಾಗದಪತ್ರದ ಕೆಲಸ. ಒಡೆತನದ ಪತ್ರಕ್ಕೆ ಅಲ್ಲಿ 'ಗುಲಾಬಿ ಚೀಟಿ' ಎಂಬ ಅಡ್ಡಹೆಸರು. ಕಾಗದದ ಬಣ್ಣ ಬದಲಾದರೂ ಹೆಸರು ಉಳಿದಿದೆ. ಅದಕ್ಕೆ ಸಹಿ ಹಾಕಿ ಕೊಟ್ಟ ಮೇಲೆ, ವಾಹನವನ್ನು ಮಾರಿದ್ದೇನೆ, ಇನ್ನು ಮುಂದಿನ ಹೊಣೆ ನನ್ನದಲ್ಲ ಎಂದು 5 ದಿನಗಳೊಳಗೆ ಸರಕಾರಕ್ಕೆ ತಿಳಿಸಬೇಕು. ಕೊಂಡವನು 10 ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ನಮ್ಮಲ್ಲಿಯೂ ನಿಯಮವಿದೆ. 29 ಮತ್ತು 30ನೆಯ ನಮೂನೆಗಳನ್ನು ತುಂಬಬೇಕು. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. "ಗೊತ್ತಿರುವವರೇ, ಆಮೇಲೆ ನೋಡೋಣ" ಎಂದು ಬರಿಯ ಸಹಿ ಹಾಕಿ ಕೊಟ್ಟು ಮರೆಯುವ ಸಂಸಾರಸ್ಥರು ಒಂದು ಮಾತನ್ನು ನೆನಪಿಡಬೇಕು. ಅಪಘಾತವಾದಾಗ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ಪರಿಹಾರದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಕಾರು ಮನೆಯಿಂದ ಹೋದರೆ ಸಾಲದು. ಹೆಸರೂ ಕಾರಿನಿಂದ ಹೋಗಬೇಕು.

ಹಿರಿಯರು ಹಣ ಕೊಟ್ಟು, ಪೆಟ್ಟಿಗೆಗಳನ್ನೆಲ್ಲ ತಮ್ಮ ಮಗನ ವ್ಯಾನಿನಲ್ಲಿ ಹೇರಿಸಿದರು. ನೀಲಿ ಪುಸ್ತಕವನ್ನು ಕೊಡುವ ಮೊದಲು ಎಂಜಿನಿಯರು ಕೊನೆಯ ಪುಟದಲ್ಲಿ 2014ರ ಬೆಸುಗೆಯ ವಿವರವನ್ನು ಬರೆದು ಸೇರಿಸಿದರು. ಜಿಪ್ಪಿನ ವಿಷಯವನ್ನು ಬಾಯಿಯಲ್ಲಿಯೂ ಎರಡು ಬಾರಿ ಹೇಳಿದರು. ಮಡಿಸಿಟ್ಟ ದೀಪಗಳು ಒಮ್ಮೆ ಮೇಲೆದ್ದು ರಸ್ತೆಯನ್ನು ನೋಡಿದವು. ಕಾರು ಬೀದಿಯ ತಿರುವನ್ನು ದಾಟಿತು. ಶಬ್ದ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿತ್ತು. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹಾಕಿದ್ದು ಸರಿಯಾಗಿತ್ತೆಂದು ಎಂಜಿನಿಯರು ತಲೆದೂಗಿದರು.

ಮುಂದಿನ ತಿಂಗಳು ತಾಯಿ ಬಂದರು. ವಿಮಾನ ನಿಲ್ದಾಣದಿಂದ ಸಂಸಾರದ ಕಾರಿನಲ್ಲಿ, ಸೊಸೆಯ ಕೈ ಹಿಡಿದು, ನೋಯುವ ಮಂಡಿಯನ್ನು ನಿಧಾನವಾಗಿ ಒಳಗಿಟ್ಟು ಕುಳಿತರು. ಗ್ಯಾರೇಜಿನ ಬಾಗಿಲು ತೆರೆದಾಗ ಖಾಲಿ ಜಾಗ ಅವರ ಕಣ್ಣಿಗೆ ಬಿದ್ದಿತು.

"ಇನ್ನೊಂದು ಗಾಡಿ ಇತ್ತಲ್ಲಪ್ಪ, ಕೆಂಪಂದು?"

"ಮಾರಿಬಿಟ್ಟೆ ಕಣಮ್ಮ."

ಎಷ್ಟಕ್ಕೆಂದು ತಾಯಿ ಕೇಳಲಿಲ್ಲ. ಏಕೆಂದೂ ಕೇಳಲಿಲ್ಲ.

"ಚೆನ್ನಾಗಿ ನೋಡ್ಕೊಳ್ಳೋರ ಕೈಗೆ ಕೊಟ್ಟೆಯೇನಪ್ಪ?" ಎಂದರು.

"ಹೂನಮ್ಮ" ಎಂದರು ಮಗ.